ನನ್ನ ಮೇಲೆ ಕೇಸು ಹಾಕಿರಿ

ಅಗರಖೇಡ, ೧೯೭೬

ಸರಕಾರಿ ವಕೀಲ ಸಾಹೇಬರಿಗೆ ಬೀರಣ್ಣನ ಹೆಂಡತಿ ಚಂದವ್ವ ಮಾಡುವ ಶರಣು.

ಹೋದ ಬೇಸಿಗೆಯಲ್ಲಿ ನನ್ನ ಮೈದುನನ ಹೆಂಡತಿ ಸಾತವ್ವ ನಮ್ಮ ಲಿಂಬೆ ತೋಟದ ಬಾವಿಯಲ್ಲಿ ಕಾಲು ಜಾರಿ ಬಿದ್ದು ಸತ್ತಳು. ಹತ್ತಿರ ಇದ್ದವಳು ನಾನೊಬ್ಬಳೇ. ಹಗ್ಗ ಇಳಿಬಿಟ್ಟೆ, ಆಕೆಯ ಕೈಗೆ ಸಿಗಲಿಲ್ಲ. ಪೊಲೀಸರು ನನ್ನನ್ನು ಪದೇಪದೇ ಕರೆದು ಕೇಳಿ, ಕೊನೆಗೆ ಕೇಸು ಹಾಕದೆ ಬಿಟ್ಟರು. ಆಮೇಲೆ ನೀವು ಪತ್ರಿಕೆಯವರ ಮುಂದೆ, "ನೆಗೆಣ್ಣಿಯೇ ನೂಕಿದ್ದಾಳೆ, ಸಾಕ್ಷಿ ಸಿಗಲಿಲ್ಲ ಅಷ್ಟೆ" ಎಂದಿರಿ. ಅದು ಅಚ್ಚಾಯಿತು.

ಸಾತವ್ವನ ಮಗಳು ಮಾಳವ್ವ ಹಾಲು ಬಿಟ್ಟಾಗಿನಿಂದ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ಪತ್ರಿಕೆಯ ಸುದ್ದಿ ಕೇಳಿ ಅವಳ ತಾಯಿಕಡೆಯ ಅಜ್ಜಿ ಬಂದು ಮುದ್ದೇಬಿಹಾಳಕ್ಕೆ ಕರೆದೊಯ್ದಳು. ಮೊನ್ನೆ ನಾನು ಅಲ್ಲಿಗೆ ಹೋಗಿದ್ದೆ.

"ನಾ ಏನೂ ಮಾಡಿಲ್ರಿ ಯವ್ವಾ. ಪೊಲೀಸರೂ ಕೇಸ್ ಹಾಕಿಲ್ಲ," ಎಂದೆ.

ಅಜ್ಜಿ ಬಾಗಿಲು ಬಿಟ್ಟು ಸರಿಯಲಿಲ್ಲ. "ಸರಕಾರದ ವಕೀಲರು ಸುಳ್ಳ ಹೇಳ್ತಾರೇನು?" ಎಂದಳು.

ಅವಳ ಬೆನ್ನ ಹಿಂದಿನಿಂದ ಮಾಳವ್ವ ಕೇಳಿದಳು: "ದೊಡ್ಡವ್ವಾ, ನಮ್ಮವ್ವನ್ನ ಯಾಕ ದಬ್ಬಿದಿ?"

ಮುಂದಿನ ಬಸ್ಸಿಗೆ ತಿರುಗಿ ಬಂದೆ.

ಸಾಹೇಬರೇ, ಸಾಕ್ಷಿ ಇದ್ದರೆ ನನ್ನ ಮೇಲೆ ಕೇಸು ಹಾಕಿರಿ. ಕಟಕಟೆಯಲ್ಲಿ ನಿಂತರೆ ನೀವು ಕೇಳಿದ್ದಕ್ಕೆ ನಾನೂ ಉತ್ತರ ಕೊಡಬಹುದು. ಸಾಕ್ಷಿ ಇಲ್ಲದಿದ್ದರೆ, ಆವತ್ತು ಆಡಿದ್ದು ಬರೀ ನಿಮ್ಮ ಊಹೆ ಎಂದು ಅದೇ ಪತ್ರಿಕೆಯಲ್ಲಿ ಹೇಳಿರಿ. ಸಣ್ಣದಾಗಿ ಬಂದರೂ ಸಾಕು, ಅಜ್ಜಿಗೆ ಯಾರಾದರೂ ಓದಿ ಹೇಳುತ್ತಾರೆ.

ಎರಡೂ ಆಗದಿದ್ದರೆ, ಆ ಕೂಸಿಗೆ ನಾನು ಏನು ಹೇಳಬೇಕೆಂದು ನೀವೇ ಬರೆದು ತಿಳಿಸಿರಿ.

ನಿಮ್ಮ ಉತ್ತರದ ದಾರಿ ಕಾಯುವ,
ಚಂದವ್ವ