ಮಾವ ಬರುತ್ತಿದ್ದ ಹೊತ್ತು

ಜುಲೈ ೮, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ಇಂದು ನನ್ನ ಉಪವಾಸ. ಬಾಗಿಲು ಗುಡಿಸಿ, ನೀರು ತುಂಬಿ, ದೇವರಿಗೆ ದೀಪ ಹಚ್ಚಿ ಕೂತಿದ್ದೇನೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ದಿನಾ ಕಾಗದ ತೆಗೆದು ಮಡಚಿಡುತ್ತಿದ್ದೆ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಸೋದರಸೊಸೆ ಓಟದಲ್ಲಿ ಗೆದ್ದಳು. ಯಾವಾಗಲೂ ಕೊನೆಯ ತಿರುವಿನಲ್ಲಿ ಕಾಲು ಸೋಲುತ್ತಿತ್ತಲ್ಲ, ಅಲ್ಲೇ ಇಬ್ಬರನ್ನು ಹಿಂದೆ ಹಾಕಿದಳು. ಹೊಸ ಕೋಚ್ ಮೇಡಂ ಹೇಳಿದಂತೆ ಪುಸ್ತಕ ಮುಚ್ಚಿಸಿ ಬೇಗ ಮಲಗಿಸುತ್ತೇನೆ, ಬಿಸಿಲು ಬಂದ ಮೇಲೆ ಎಬ್ಬಿಸುತ್ತೇನೆ. ಈಗ ಮಂಡಿನೋವೂ ಇಲ್ಲ, ಸಿಡುಕೂ ಇಲ್ಲ. ನಿನ್ನ ಭಾವ ಮಾತ್ರ, "ಇವಳೇನು ಓಟಗಾತೀನೋ, ತೊಟ್ಟಿಲ ಕೂಸೋ?" ಎನ್ನುತ್ತಲೇ ಪಾತ್ರೆಗಳನ್ನು ಸದ್ದಾಗದಂತೆ ತಾವೇ ಎತ್ತಿಡುತ್ತಾರೆ.

ಮೇಡಂ ಮಾತು ನಿಜವೇ. ಆದರೆ ಅವತ್ತು ಮೈದಾನದಲ್ಲಿ ಎಲ್ಲರೆದುರು, "ಬೆಳೆಯೋ ಹುಡುಗೀನ ಕತ್ತಲಲ್ಲಿ ಎಬ್ಬಿಸಿ ಓಡಿಸಿದವರು ಯಾರ್ರೀ? ಇವಳಿಗೆ ಕಾಲಿನ ತೊಂದರೆ ಏನಿಲ್ಲ, ನಿದ್ದೆ ಸಾಲ್ತಿಲ್ಲ ಅಷ್ಟೆ" ಎಂದರಲ್ಲ, ಆಗ ನೀನು ಅವಳ ಶೂ ಹಿಡಿದು ನಿಂತಿದ್ದೆ. "ನಾನೇ ಮೇಡಂ" ಎಂದು ನೀನೇ ಒಪ್ಪಿಕೊಂಡೆ. ಶೂ ಬೆಂಚಿನ ಮೇಲಿಟ್ಟು ಹೊರಟುಹೋದೆ.

ರಾತ್ರಿಯಿಡೀ ಬೇಕರಿಯ ಒಲೆ ಮುಂದೆ ಬೆಂದು, ಟವೆಲ್ಲಿನಲ್ಲಿ ಬಿಸಿ ಬನ್ನು ಸುತ್ತಿಕೊಂಡು, ಅವಳನ್ನು ಓಡಿಸಲು ನೇರ ನಮ್ಮ ಬಾಗಿಲಿಗೆ ಬರುತ್ತಿದ್ದವನು ನೀನು. ನಿನಗೆ ಬಿಡುವಿದ್ದದ್ದು ಅದೊಂದೇ ಹೊತ್ತು. ಪಕ್ಕದಲ್ಲೇ ಇದ್ದ ನಾನು ಅಷ್ಟನ್ನಾದರೂ ಹೇಳಬಹುದಿತ್ತು. ಓದಿದವರು ಎಂದು ಹಿಂಜರಿದೆ. ಅವಳ ನಿದ್ದೆಯ ಬಗ್ಗೆ ಎಲ್ಲರೂ ಮಾತಾಡಿದರು; ನೀನು ಯಾವಾಗ ಮಲಗುತ್ತಿದ್ದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ.

ಮುಂದಿನ ತಿಂಗಳು ದೊಡ್ಡ ಪಂದ್ಯ. ಮೊದಮೊದಲು, "ಮಾವ ಯಾವಾಗ ಬರ್ತಾರಮ್ಮಾ?" ಎಂದು ಪೀಡಿಸುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ನೀನು ಬಾರೋ. ನಿದ್ದೆ ಮಾಡಿ, ಹಗಲಲ್ಲೇ ಬಾ.

ದೇವರು ನಿನ್ನ ಕಣ್ಣಿಗೂ ತಂಪು ಕೊಡಲಿ.

ನಿನ್ನ ಅಕ್ಕ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಸೈಕಲ್ ಬೆಲ್ಲು ಹೊಡೆಯುತ್ತಿದ್ದ ಹೊತ್ತಿಗೆ ಸರಿಯಾಗಿ, ಅವಳು ಈಗಲೂ ನಿದ್ದೆಯಲ್ಲೇ ಮಗ್ಗುಲಾಗಿ, "ಬಂದೆ ಮಾವ, ಒಂದ್ನಿಮಿಷ" ಎನ್ನುತ್ತಾಳೆ. ಎದ್ದ ಮೇಲೆ ಅವಳಿಗೆ ನೆನಪಿರುವುದಿಲ್ಲ. ನಾನೂ ಹೇಳಿಲ್ಲ. ಉತ್ತರ ಬರೆದು, ಅಂಚೆಗೆ ಹಾಕದೆ ನಿನ್ನ ಹತ್ತಿರವೇ ಇಟ್ಟುಕೊಂಡಿರು. ತರಲು ಅವಳನ್ನೇ ಕಳಿಸುತ್ತೇನೆ, ದಯಮಾಡಿ ಅವಳ ಕೈಗೇ ಕೊಡು.