ಹಸಿ ಹೋಳು, ಬೆಂದ ಹೋಳು

ಬೇಕರಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ಮುದ್ದು ಮಗನೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಪರಊರಿನ ಕೆಲಸ ಅಂತ ಹೊತ್ತು ಮೀರಿ ಉಣ್ಣಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಹೆಂಡತಿಯೂ ಈಗ ಚೆನ್ನಾಗಿದ್ದಾಳೆ, ಗಾಬರಿಯಾಗಬೇಡ.

ಸೇಬು ತಿಂದರೆ ಅವಳ ಬಾಯಿ ತುರಿಸಿ ತುಟಿ ಊದುತ್ತದೆ ಅಂತ ಹಿಂದೆ ಬರೆದಿದ್ದೆನಲ್ಲ. ನೀನು ಕೂಡಲೇ, ಟಿಕೆಟ್ ಕಳಿಸುತ್ತೇನೆ, ಬೇಕರಿ ಕೆಲಸ ಬಿಟ್ಟು ನನ್ನ ಹತ್ತಿರ ಬಂದುಬಿಡಲಿ ಅಂದೆ. ನಮ್ಮ ಕ್ರಮ ನಿನಗೆ ಗೊತ್ತೇ ಇದೆ: ಬೆಳಿಗ್ಗೆ ಬುಟ್ಟಿ ಬಂದ ಕೂಡಲೇ ಒಂದು ಹಸಿ ಹೋಳು ಕಚ್ಚಿ ನೋಡಿ, ಆಮೇಲೆ ಪೈಯೊಳಗೆ ತುಂಬುವ ಸೇಬಿಗೆ ಸಕ್ಕರೆ ಎಷ್ಟು ಅಂತ ತೀರ್ಮಾನ. ಕಚ್ಚುವುದೇ ಆಗದಿದ್ದರೆ ಅವಳಿಗೆ ಇಲ್ಲಿ ಏನು ಕೆಲಸ ಉಳಿಯಿತು ಅಂತ ನನಗೂ ಅನ್ನಿಸಿತು. ನಾನಂತೂ ಹಣ್ಣಿನವನು ಏನೋ ಔಷಧಿ ಹೊಡೆದಿದ್ದಾನೆ ಅಂತ ಬೀದಿಯಲ್ಲೇ ಅವನ ಮೇಲೆ ಹರಿಹಾಯ್ದೆ. ಪಾಪ, ಬುಟ್ಟಿ ಹಿಡಿದುಕೊಂಡೇ ಪಿಳಿಪಿಳಿ ನೋಡಿದ.

ಅವಳು ಮಾತ್ರ ಅಳಲಿಲ್ಲ, ಕೂಗಾಡಲೂ ಇಲ್ಲ. "ಅತ್ತೆ, ಅದೇ ಬುಟ್ಟಿದು ಪೈ ತಿಂದ್ರೆ ನಂಗೇನೂ ಆಗಲ್ಲ. ಎದುರಿನ ಮರ ಹೂಬಿಟ್ಟು ಸೀನು ಶುರುವಾದ್ಮೇಲೇ ಈ ತುರಿಕೆ ಜಾಸ್ತಿಯಾಗಿದ್ದು, ನೋಡಿ" ಅಂದಳು. ಆ ಮರದ ಎದುರೇ ಮುದುಕಿಯಾದ ನನಗೆ ಇದು ಹೊಳೆದಿರಲಿಲ್ಲ! ಡಾಕ್ಟರಮ್ಮ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಆ ಹೂವಿನ ಪರಾಗದ ಪ್ರೋಟೀನೂ ಸೇಬಿನದೂ ಅಣ್ಣತಮ್ಮಂದಿರ ಹಾಗಂತೆ. ಪರಾಗದ ಮೇಲೆ ಹಗೆ ಕಟ್ಟಿಕೊಂಡ ಮೈ, ಸೇಬನ್ನೂ ಅದೇ ಅಂದುಕೊಂಡು ಜಗಳಕ್ಕೆ ನಿಲ್ಲುತ್ತದಂತೆ, ಥೇಟ್ ನಾನು ಹಣ್ಣಿನವನ ಮೇಲೆ ಬಿದ್ದ ಹಾಗೆ. ಬೆಂದರೆ ಸೇಬಿನ ಪ್ರೋಟೀನಿನ ಆಕಾರ ಕೆಟ್ಟು ಆ ಹೋಲಿಕೆ ಹೋಗುತ್ತದೆ, ಅದಕ್ಕೇ ಪೈ ಅವಳಿಗೆ ಒಗ್ಗುತ್ತದೆ. ಹಸಿಯದು ಬೇಡವೇ ಬೇಡ, ಗಂಟಲು ಬಿಗಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಅಂದರು.

ಮಾರನೆಯ ದಿನ ಏನು ಮಾಡಿದಳು ಗೊತ್ತಾ? ಹೋಳನ್ನು ಒಲೆಯಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ರುಚಿ ನೋಡಿ ಸಕ್ಕರೆ ಎಷ್ಟು ಅಂತ ಹೇಳಿದಳು. ಬೆಂದ ಮೇಲಿನ ಹುಳಿ ಸಿಹಿ ಬೇರೆಯೇ ಕಣೋ! ಇಷ್ಟು ವರ್ಷ ನಾವು ಬರೀ ಅಂದಾಜಿನ ಮೇಲೆ ಸುರಿದಿದ್ದೇವೆ. ಯಾವಾಗಲೂ ಕೊಂಕು ತೆಗೆಯುವ ಪಕ್ಕದ ಅಂಗಡಿಯ ದರ್ಜಿ, ಈಗ ಇನ್ನೊಂದು ತುಂಡಿಗೆ ತಟ್ಟೆ ಚಾಚುತ್ತಾನೆ. ಅತ್ತೆ ಸೊಸೆಯನ್ನು ಹೊಗಳುತ್ತಿದ್ದಾಳೆ ಅಂತ ನಗಬೇಡ. ಅವಳನ್ನು ಕಂಡರೆ ನನಗೆ ಹೆಮ್ಮೆ.

ತಣ್ಣಗಿರು, ಕಂದ.

ನಿನ್ನ ಅಮ್ಮ

ಮರೆತೇಬಿಟ್ಟೆ: ಟಿಕೆಟ್ ಕಳಿಸಬೇಡ. ನಿನ್ನ ಮನಸ್ಸು ನೋಯುತ್ತದೆ ಅಂತ ಅವಳು ಬಾಯಿಬಿಡುತ್ತಿಲ್ಲ, ಆದರೆ ಈ ಒಲೆ ಬಿಟ್ಟು ಬರಲು ಅವಳಿಗೆ ಇಷ್ಟವಿಲ್ಲ. ಅವಳನ್ನು ಬಿಟ್ಟಿರಲು ಆಗದಿದ್ದರೆ, ನೀನೇ ಬಾ.