ಕದದ ದೋಣಿ

ಶುಕ್ರವಾರ ಮಧ್ಯಾಹ್ನ
ವಾರ್ಡಿನ ಮೇಜಿನಿಂದ

ಪ್ರೀತಿಯ ಅತ್ತಿಗೆಗೆ, ನಿಮ್ಮ ನಾದಿನಿಯ ನಮಸ್ಕಾರ.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಕೈಸೇರಿತು. ಓದುತ್ತಾ ಮೊದಮೊದಲು ನಕ್ಕೆ. ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅಣ್ಣ ಎದ್ದು ಮತ್ತೆ ಉಳಿ ಹಿಡಿದಿದ್ದಾನೆ, ಹಾಡುತ್ತಾನೆ, ನಿಮ್ಮನ್ನು ರೇಗಿಸುತ್ತಾನೆ, ನಿನ್ನ ಆಸ್ಪತ್ರೆಯ ಗುಳಿಗೆಗೆ ಕೈಮುಗಿಯಬೇಕು ಎಂದೆಲ್ಲ ಬರೆದಿದ್ದೀರಿ. ಮಲಗುವ ಕೋಣೆಯ ಕದ ಕಿತ್ತು ದೋಣಿಗೆ ತಳ ಮಾಡಿದನಂತೆ. ಬಚ್ಚಲಿನ ಕದವೂ ಹೋಯಿತು, ಈಗ ಸ್ನಾನಕ್ಕೆ ಹೊದಿಕೆಯನ್ನೇ ಅಡ್ಡ ಕಟ್ಟಿಕೊಳ್ಳುತ್ತೇನೆ ಎಂದಿದ್ದೀರಿ. ಭಾನುವಾರ ಬೆಳಿಗ್ಗೆ ಮಗಳು ಗುಬ್ಬಿಯನ್ನು ಅದರಲ್ಲಿ ಕೂರಿಸಿಕೊಂಡು ಹೊಳೆ ದಾಟುತ್ತಾನಂತೆ. ಹೊಳೆ ತುಂಬಿದೆಯಲ್ಲ ಎಂದರೆ ‘ನೀರು ನನ್ನ ಮಾತು ಕೇಳುತ್ತೆ’ ಅನ್ನುತ್ತಾನೆ, ಎಂಥ ತಮಾಷೆ ನೋಡು ಎಂದು ಮುಗಿಸಿದ್ದೀರಿ.

ಅಲ್ಲಿಗೆ ನನ್ನ ನಗು ನಿಂತಿತು. ಅಂಥ ಮಾತು ನಾನು ಮೊದಲೂ ಕೇಳಿದ್ದೇನೆ. ವಾರ್ಡಿನಲ್ಲಿ ಕೇಳಿದ್ದು ಅಂದುಕೊಳ್ಳಿ. ಅತ್ತಿಗೆ, ಭಾನುವಾರ ಆ ದೋಣಿಗೆ ನಿಮ್ಮ ಮಗಳು ಕಾಲಿಡಬಾರದು. ಈ ಕಾಗದದಲ್ಲಿ ಬೇರೇನೂ ತಲೆಗೆ ಹೋಗದಿದ್ದರೂ ಇದೊಂದು ಹೋಗಲಿ.

ನಿದ್ದೆಯ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ಅವರು ಮಲಗುವುದೇ ಇಲ್ಲ, ಆದರೂ ದಣಿವೆಂಬುದೇ ಇಲ್ಲ ಅಂತ. ಹೊಗಳಿಕೆಯ ಹಾಗೆ ಬರೆದಿದ್ದೀರಿ. ನಮ್ಮಲ್ಲಿ ಆ ಮಾತು ಕಿವಿಗೆ ಬಿದ್ದರೆ ಕೂತ ನರ್ಸು ಎದ್ದು ನಿಲ್ಲುತ್ತಾಳೆ. ನಿದ್ದೆ ಬಾರದವನು ಬೆಳಗಾದರೆ ಕಣ್ಣುಜ್ಜಿಕೊಂಡು ಗೊಣಗುತ್ತಾನೆ, ಅವನ ಚಿಂತೆ ನಮಗಿಲ್ಲ. ನಿದ್ದೆಯೇ ಬೇಡ ಎನ್ನುವವನನ್ನು ಕಂಡರೆ ಹೆದರುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕೆಲವರ ಮನಸ್ಸು ಕುಗ್ಗುತ್ತದೆ, ಮತ್ತೆ ಸರಿಹೋಗುತ್ತದೆ. ಇನ್ನು ಕೆಲವರದು ಕುಗ್ಗುವುದೂ ಉಂಟು, ಮಿತಿಮೀರಿ ಉಕ್ಕುವುದೂ ಉಂಟು. ಈ ಎರಡನೆಯವರಿಗೆ ಕುಗ್ಗಿದ ಮನಸ್ಸನ್ನು ಎತ್ತುವ ಗುಳಿಗೆ ಒಂದನ್ನೇ ಕೊಟ್ಟರೆ ಅದು ಸಮಕ್ಕೆ ಬಂದು ನಿಲ್ಲದೆ ಮೇಲಕ್ಕೇ ಹೋಗಿಬಿಡಬಹುದು. ಹಿಡಿದು ನಿಲ್ಲಿಸುವ ಔಷಧಿ ಬೇರೆ ಇದೆ. ಯಾರು ಯಾವ ಬಗೆ ಎಂದು ತಿಳಿಯಬೇಕಾದರೆ ದುಃಖದ ದಿನಗಳನ್ನು ಕೇಳಿದರೆ ಸಾಲದು, ಸಂತೋಷದ ದಿನಗಳನ್ನೂ ಕೇಳಬೇಕು.

ಅಣ್ಣನನ್ನು ಇಲ್ಲಿಗೆ ತೋರಿಸಲು ಕರೆತಂದ ದಿನ ಡಾಕ್ಟರು ಕೇಳಿದ್ದರು. ಹಿಂದೆಂದಾದರೂ ವಿಪರೀತ ಹುರುಪಿನಲ್ಲಿ ಇದ್ದದ್ದುಂಟೇ ಅಂತ. ಅಣ್ಣ ನೆಲ ನೋಡುತ್ತಿದ್ದ. ನೀವು ನನ್ನ ಮುಖ ನೋಡಿದಿರಿ. ನಾನೇ ನಡುವೆ ಬಾಯಿ ಹಾಕಿ, ನಮ್ಮಣ್ಣ ಮೊದಲಿನಿಂದಲೂ ಚುರುಕು ಎಂದುಬಿಟ್ಟೆ. ಬೇರೆಯವರ ಅಣ್ಣನಾಗಿದ್ದರೆ ಅದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ ಕೇಳುತ್ತಿದ್ದೆ, ಹೆಂಡತಿಯನ್ನು ಪಕ್ಕಕ್ಕೆ ಕರೆದೂ ಕೇಳುತ್ತಿದ್ದೆ. ನಮ್ಮವನಲ್ಲವೇ, ನನಗೆ ಗೊತ್ತಿಲ್ಲದ್ದೇನಿದೆ ಅನ್ನಿಸಿತು. ನಿಮ್ಮ ಮದುವೆಯಾದ ಹೊಸತರಲ್ಲಿ ಅವನು ಬೀದಿಯವರ ಕುರ್ಚಿಗಳನ್ನೆಲ್ಲ ಹೊತ್ತು ತಂದು, ಪ್ರತಿ ಮನೆಗೂ ಸಿಂಹಾಸನ ಮಾಡಿಕೊಡುತ್ತೇನೆಂದು ಬಿಚ್ಚಿ ಗುಡ್ಡೆ ಹಾಕಿದ್ದು ನೆನಪಿದೆಯೇ? ಜನ ನಿಂತೇ ಊಟ ಮಾಡುವಂತಾಯಿತು ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕೆವು. ಆಗಲೂ ಅವನು ಮಲಗುತ್ತಿರಲಿಲ್ಲ. ಸಂತೋಷವಾಗಿದ್ದಾನೆ ಎಂದು ಯಾರು ತಾನೇ ಡಾಕ್ಟರಿಗೆ ದೂರು ಕೊಡುತ್ತಾರೆ!

ಕಾಗದ ಓದಿದ ತಕ್ಷಣ ನಿಮಗೆ ಫೋನು ಮಾಡಿದೆ. ಎತ್ತಿದವನು ಅವನು. ನಿಮ್ಮ ಫೋನನ್ನೂ ಅವನೇ ಇಟ್ಟುಕೊಂಡು ಊರಿಗೆಲ್ಲ ಕರೆ ಮಾಡುತ್ತಿದ್ದಾನೆ ಎಂದು ಆಗ ತಿಳಿಯಿತು. ನನಗೆ ಮಾತಾಡಲು ಸಂದು ಕೊಡಲಿಲ್ಲ. ಅತ್ತಿಗೆಗೆ ಕೊಡು ಎಂದರೆ ನಕ್ಕ. ದೋಣಿಯ ವಿಷಯ ಎತ್ತಿದೆ ನೋಡಿ, ನಗು ನಿಲ್ಲಿಸಿದ. ಆಮೇಲೆ ಮೆಲ್ಲಗೆ, “ನೀನೂ ಅಡ್ಡ ಬರಬೇಡ. ಅಡ್ಡ ಬಂದವರನ್ನ ದಡದಲ್ಲೇ ಬಿಟ್ಟು ಹೋಗ್ತೀನಿ” ಎಂದು ಇಟ್ಟುಬಿಟ್ಟ. ಆ ದನಿಯಲ್ಲಿ ನನ್ನ ಅಣ್ಣ ಇರಲಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದ್ದೇನೆ. ಆ ಗುಳಿಗೆಯನ್ನು ಈಗಲೇ ನಿಲ್ಲಿಸಿ, ತಡಮಾಡದೆ ಕರೆತನ್ನಿ ಎಂದರು. ಅವನ ಜೊತೆ ವಾದಕ್ಕೆ ಇಳಿಯಬೇಡಿ. ನಿನಗೆ ಹುಚ್ಚು ಎನ್ನಬೇಡಿ, ಹಾಗೆಂದು ಹೂಂಗುಟ್ಟಲೂ ಬೇಡಿ. ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು ಸಣ್ಣ ದನಿಯಲ್ಲಿ ಮಾತಾಡಿ. ದೋಣಿ ನೋಡಲು ಬಂದು ಚಪ್ಪಾಳೆ ತಟ್ಟುವವರನ್ನು ಏನಾದರೊಂದು ನೆಪ ಹೇಳಿ ಸಾಗಹಾಕಿ. ದೋಣಿಯ ಹುಟ್ಟುಗಳನ್ನು ಬಚ್ಚಿಡಲು ಹೋಗಬೇಡಿ, ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ಕೈ ಎತ್ತಿದರೆ ಮನೆ, ಸಾಮಾನು ಏನನ್ನೂ ನೋಡದೆ ಹೊರಗೆ ಬಂದು ಪಕ್ಕದ ಮನೆಯಿಂದ ಆಸ್ಪತ್ರೆಗೆ ಫೋನು ಮಾಡಿಸಿ. ಗುಬ್ಬಿಯನ್ನು ಇವತ್ತೇ, ಆಟಕ್ಕೆ ಕಳಿಸುವ ಹಾಗೆ, ನಿಮ್ಮ ತಂಗಿಯ ಮನೆಗೆ ಸೇರಿಸಿ.

ಈ ಕಾಗದ ತಂದವನು ನಮ್ಮ ವಾರ್ಡಿನ ಅಟೆಂಡರು. ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತೇವೆ, ಅಂಥ ಮಾತುಗಾರ. ತಾರಸಿ ಹತ್ತಿ ಕೂತವರನ್ನು ಹರಟೆ ಹೊಡೆದೇ ಕೆಳಗಿಳಿಸಿದ್ದಾನೆ. ದೋಣಿ ನೋಡಲು ಬಂದೆ ಎನ್ನುತ್ತಾನೆ, ರಾತ್ರಿ ಅಲ್ಲೇ ಇರುತ್ತಾನೆ. ಹುಟ್ಟುಗಳ ಚಿಂತೆ ಅವನಿಗಿರಲಿ. ಆಸ್ಪತ್ರೆಯ ವ್ಯಾನು ಇವತ್ತು ಬೇರೆ ಊರಿಗೆ ಹೋಗಿದೆ, ನಾಳೆ ಬೆಳಿಗ್ಗೆ ಅದರಲ್ಲೇ ನಾನು ಬರುತ್ತೇನೆ. ಅಣ್ಣ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಬೈಯಲಿ, ಬೈಸಿಕೊಳ್ಳುವುದಕ್ಕೇ ನನಗೆ ಅರ್ಧ ಸಂಬಳ ಕೊಡುವುದು.

ನಿಮ್ಮ ಸಂತೋಷಕ್ಕೆ ತಣ್ಣೀರು ಎರಚುತ್ತಿದ್ದೇನೆ, ಸಂಕಟವಾಗುತ್ತಿದೆ. ಇಷ್ಟು ದಿನಗಳ ಮೇಲೆ ನಕ್ಕವರು ನೀವು. ಆದರೆ ಇದಕ್ಕೆ ಔಷಧಿ ಇದೆ, ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಸರಿಹೋಗಿ ಮನೆಗೆ ಮರಳಿದವರನ್ನು ನಾನೇ ಬಾಗಿಲವರೆಗೆ ಬಿಟ್ಟು ಬಂದಿದ್ದೇನೆ. ಅಣ್ಣನೂ ಮರಳುತ್ತಾನೆ, ಮನೆಗೆ ಕದ ಅವನೇ ಹಾಕಿಕೊಡುತ್ತಾನೆ.

ನಿಮ್ಮ,
ನಾದಿನಿ

ಮತ್ತೊಂದು ಮಾತು. ವಾರ್ಡಿನಲ್ಲಿ ಕೇಳಿದ್ದು ಎಂದು ಮೇಲೆ ಬರೆದದ್ದು ಸುಳ್ಳು. ‘ನೀರು ನನ್ನ ಮಾತು ಕೇಳುತ್ತೆ’ ಎಂದವರು ಅಪ್ಪ. ಅವರು ಕಾಲು ಜಾರಿ ಹೊಳೆಗೆ ಬಿದ್ದದ್ದಲ್ಲ, ಅಮ್ಮ ಊರಿಗೆ ಹಾಗೆ ಹೇಳಿದಳು. ಕೆಲಸ ಕಲಿಯಲು ಬೇರೆ ಊರಿನಲ್ಲಿದ್ದ ಅಣ್ಣನಿಗೂ ಅದನ್ನೇ ಹೇಳಿದಳು. ವಾರವಿಡೀ ಮಲಗದೆ ಹಾಡುತ್ತಿದ್ದವರು ನಗುನಗುತ್ತಾ ನೀರಿಗಿಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರು ಕೇಳಿದಾಗ ಅಮ್ಮನ ಮಾತೇ ಬಾಯಿಗೆ ಬಂದು ಇಲ್ಲ ಎಂದೆ. ಅಪ್ಪ ಆ ದಿನ ನನ್ನನ್ನೂ ಬಾ ಎಂದು ಕರೆದಿದ್ದರು. ಚಪ್ಪಲಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಹೋದೆ, ಅವು ಸಿಗುವಷ್ಟರಲ್ಲಿ ಅಪ್ಪ ಹೊರಟುಹೋಗಿದ್ದರು. ಅತ್ತಿಗೆ, ನಿಮ್ಮ ಗುಬ್ಬಿ ಕರೆದರೆ ಬರಿಗಾಲಲ್ಲೇ ಓಡುವ ಮಗು.